ಚಂದಮಾಮ ನೋಡಿ ಬಿಡಿಸಿದ ಹಳೇ ಚಿತ್ರಗಳು ಸಿಕ್ಕವು. ಮಗಳಿಗೆ ನಕಲು ಮಾಡಬೇಡ ಅನ್ನಬೇಕಾ?

ಹಳೇಟ್ರಂಕು:

ಕಳೆದ ವಾರ ಊರಿಗೆ ಹೋಗಿದ್ದೆ. ಅಟ್ಟದಿಂದ ಟ್ರಂಕು ಇಳಿಸಿದಾಗ ನನ್ನ ಆರನೇ ಕ್ಲಾಸಿನ ಒಂದು ನೋಟ್‌ಬುಕ್ ಸಿಕ್ಕಿತು. ಮುಂದಿನಿಂದ ಸಮಾಜ, ಹಿಂದಿನಿಂದ ನಾನೇ ಮಾಡಿದ ಕಾಮಿಕ್ಸು. ರಾಜ, ಬೇತಾಳ, ಸ್ಮಶಾನ, ಹಾವು, ತಲೆಬುರುಡೆ. ಎಲ್ಲಾ ಮಕ್ಕಳ ಪತ್ರಿಕೆ ಚಂದಮಾಮದ ಚಿತ್ರಕಾರ ಶಂಕರ್ ಅವರ ಚಿತ್ರ ನೋಡಿ ಬಿಡಿಸಿದ್ದು. ಟ್ರೇಸಿಂಗ್ ಪೇಪರ್ ಆಗ ನಮ್ಮೂರಲ್ಲಿ ಎಲ್ಲಿತ್ತು? ಬಿಳಿ ಹಾಳೆಗೆ ಕೊಬ್ಬರಿ ಎಣ್ಣೆ ಸವರಿ, ಕೆಳಗಿನ ಚಿತ್ರ ಕಾಣುವ ಹಾಗೆ ಮಾಡಿಕೊಂಡು, ಅದರ ಮೇಲೆ ಪೆನ್ಸಿಲ್ ಓಡಿಸುತ್ತಿದ್ದೆ. ಆ ಎಣ್ಣೆ ಕಲೆಯೆಲ್ಲ ಈಗ ಹಳದಿಯಾಗಿದೆ.

ಅದೇ ಟ್ರಂಕಿನಲ್ಲಿ ಎರಡು ಹಳೇ ಸಂಚಿಕೆಯೂ ಇದ್ದವು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಆ ಚಿತ್ರ ಎಲ್ಲರಿಗೂ ಗೊತ್ತಲ್ವಾ. ನನ್ನದನ್ನು ಪಕ್ಕಕ್ಕಿಟ್ಟು ನೋಡಿದೆ. ಎಣ್ಣೆ ಹಾಳೆಯ ಮೇಲೆ ಎಳೆದದ್ದು, ಹಾಗಾಗಿ ಗೆರೆ ಎಲ್ಲ ಅಲ್ಲಲ್ಲೇ ಇದೆ. ಆದರೂ ನನ್ನ ರಾಜನ ಹೆಗಲ ಮೇಲಿನ ಹೆಣಕ್ಕೆ ಭಾರವೇ ಇಲ್ಲ. ದಿಂಬು ಹೊತ್ತ ಹಾಗಿದೆ. ಮನಸ್ಸಿಗೆ ತುಂಬಾ ಚುಚ್ಚಿತು, ಯಾಕಂದ್ರೆ ಹೈಸ್ಕೂಲು ಮುಗಿಯುವವರೆಗೂ ನಾನು ಇದನ್ನೇ ಮಾಡಿದ್ದು, ಆಮೇಲೆ ಸ್ವಂತವಾಗಿ ಒಂದು ಮನುಷ್ಯನನ್ನು ಬಿಡಿಸಲು ಹೋದಾಗ ಕೈ ಬರಲಿಲ್ಲ, ಬಿಟ್ಟುಬಿಟ್ಟೆ.

ಈಗ ನನ್ನ ಮಗಳಿಗೆ ಹನ್ನೆರಡು. ದಿನವಿಡೀ ಅನಿಮೆ, ಅಂದ್ರೆ ಜಪಾನಿನ ಕಾರ್ಟೂನು ನೋಡಿ ಅದೇ ದೊಡ್ಡ ಕಣ್ಣು, ಅದೇ ಮುಳ್ಳು ಮುಳ್ಳು ಕೂದಲು ಬಿಡಿಸುತ್ತಾಳೆ. ನಿಲ್ಲಿಸು ಅನ್ನಲಾ? ಚಿತ್ರ ಬಿಡಿಸುವವರು ಯಾರಾದರೂ ಇದ್ದರೆ ಹೇಳಿ.

ಮಸಿಕುಡಿಕೆ:

ದಯವಿಟ್ಟು ನಿಲ್ಲಿಸಬೇಡಿ ಸರ್. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು.

ಶಂಕರ್ 1952ರಲ್ಲಿ ಚಂದಮಾಮ ಸೇರಿದರು. ಅದಕ್ಕೂ ಮುಂಚೆ ಮದ್ರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, ತಮಿಳು ಪತ್ರಿಕೆಯಲ್ಲಿ ದುಡಿದಿದ್ದರು. ಕಲಾಶಾಲೆ ಅಂದ್ರೆ ಎದುರಿಗೆ ಜನರನ್ನು ನಿಲ್ಲಿಸಿ, ಕೂರಿಸಿ, ಗಂಟೆಗಟ್ಟಲೆ ಬಿಡಿಸುವುದು. ಹಾಗಾಗಿ ಆ ಗೆರೆಯ ಹಿಂದೆ ಎಷ್ಟೋ ಸಾವಿರ ಕಾಲು, ಬೆನ್ನು, ಭುಜ ನೋಡಿದ ಕಣ್ಣಿದೆ. ಎಣ್ಣೆ ಹಾಳೆಯಲ್ಲಿ ನಿಮಗೆ ಕಂಡದ್ದು ಕೊನೆಯ ಗೆರೆ ಮಾತ್ರ.

ನನಗೂ ಇದು ತಡವಾಗಿ ಗೊತ್ತಾಯಿತು. ಶುರುವಿನಲ್ಲಿ ನನಗೆ ಇಷ್ಟವಾದ ಒಬ್ಬ ಹಿರಿಯ ಕಲಾವಿದರ ಪಂಚೆಯ ನೆರಿಗೆಗಳನ್ನು ಹಾಗೇ ಎತ್ತಿಕೊಂಡಿದ್ದೆ, ಬಹಳ ಚೆನ್ನಾಗಿ ಬಂದಿದೆ ಅಂತ ಖುಷಿಯಲ್ಲಿ ತೋರಿಸಿದರೆ ಸಂಪಾದಕರು ಬೆರಳಿಟ್ಟು ಕೇಳಿದರು: "ಇವನ ಮಂಡಿ ಎಲ್ಲಿದೆಯಮ್ಮಾ?" ಮಂಡಿ ಇರಲೇ ಇಲ್ಲ. ನೆರಿಗೆ ಮಾತ್ರ ಇತ್ತು. ಮಂಡಿ ಇದ್ದ ಕಡೆ ಬಟ್ಟೆ ಬಿಗಿಯುತ್ತದೆ, ಅಲ್ಲಿಂದ ನೆರಿಗೆ ಕೆಳಗೆ ಬೀಳುತ್ತದೆ. ಮೂಲ ಚಿತ್ರಕಾರರಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಒಂದು ಕೆಲಸ ಮಾಡಿ. ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ನೀವು ಹೆಗಲಿಗೆ ಹಾಕಿಕೊಂಡು ನಿಲ್ಲಿ. ಮಗಳು ಬಿಡಿಸಲಿ. ಅನಿಮೆ ಕಣ್ಣು ಬೇಕಾದರೆ ಹಾಕಿಕೊಳ್ಳಲಿ, ಪರವಾಗಿಲ್ಲ.

ಕಾಗೆಗೂಡು:

ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ವಿಷಯವೂ ಇದೇ ಅಲ್ವಾ. ಚಿಕ್ಕವರಿದ್ದಾಗ ಹಿಂದೂ ಪತ್ರಿಕೆಯಲ್ಲಿ ಡೇವಿಡ್ ಲೋ ಅವರ ವ್ಯಂಗ್ಯಚಿತ್ರ ನೋಡಿ ಮರುಳಾದವರು. 'ಲೋ' ಅನ್ನುವ ಸಹಿಯನ್ನು ಬಹಳ ಕಾಲ 'ಕೌ' ಅಂತಲೇ ಓದಿಕೊಂಡಿದ್ದರಂತೆ! ಹೆಸರು ಸರಿಯಾಗಿ ಗೊತ್ತಿಲ್ಲದೆ ಅಷ್ಟು ಪ್ರೀತಿ. ಲಕ್ಷ್ಮಣರ ಕುಂಚದ ದಪ್ಪ ಗೆರೆಯಲ್ಲಿ ಲೋ ಅವರ ನೆರಳು ಖಂಡಿತ ಇದೆ. ಆದರೆ ಅದರ ಜೊತೆಗೆ ಅವರು ಬೀದಿ ನೋಡುತ್ತಿದ್ದರು, ಮರ ನೋಡುತ್ತಿದ್ದರು, ಕಾಗೆಯನ್ನಂತೂ ಜೀವನಪೂರ್ತಿ ನೋಡಿದರು. ರಾಶಿಯವರ ಹಾಸ್ಯ ಪತ್ರಿಕೆ ಕೊರವಂಜಿಗೆ ಚಿತ್ರ ಬರೆಯುವ ಕಾಲದಲ್ಲೇ ಅವರ ಕೈಗೆ ನಮ್ಮ ಜನ ಬಂದಿದ್ದರು.

ಆಮೇಲೆ ಅವರನ್ನು ಅನುಸರಿಸಿದವರನ್ನು ನೋಡಿ. ಚೌಕಳಿ ಕೋಟು, ಪಂಚೆ, ಕನ್ನಡಕ, ಮೀಸೆ, ಮೂಲೆಯಲ್ಲಿ ಸುಮ್ಮನೆ ನಿಂತ ಒಬ್ಬ ಮುದುಕ. ವೇಷ ಬಂತು, ಆದರೆ ಲಕ್ಷ್ಮಣರ ಆ ಪಾತ್ರ, ಶ್ರೀಸಾಮಾನ್ಯ, ಯಾಕೆ ಮಾತಾಡುವುದಿಲ್ಲ ಅನ್ನುವುದು ಬರಲಿಲ್ಲ. ಲಕ್ಷ್ಮಣರ ಚಿತ್ರದಲ್ಲಿ ಅವನು ನಿಂತ ಜಾಗವೇ ಅರ್ಧ ಕಥೆ ಹೇಳುತ್ತದೆ. ನನಗೆ ಇದು ಬೇಜಾರಿನ ವಿಷಯ, ಯಾಕಂದ್ರೆ ಇಂಥವರಲ್ಲಿ ಕೆಲವರಿಗೆ ಕೈ ನಿಜವಾಗಿ ಚೆನ್ನಾಗಿತ್ತು.

ಕುಂದಾಪ್ರದವ:

ಯಕ್ಷಗಾನದಲ್ಲೂ ಹೀಗೇ. ಭಾಗವತರಾಗಿ (ಹಾಡುವವರಾಗಿ) ಹೆಸರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡ ಮೇಲೂ ಎಷ್ಟು ಜನ ಅವರ ಹಾಗೇ ಹಾಡಲು ಹೊರಟರು. ಆದರೆ ಕಾಗೆಗೂಡು ಅವರೇ, ಕೆಟ್ಟ ನಕಲು ಮಾಡಿದವರ ಮೇಲೆ ನನಗೆ ಬೇಜಾರಿಲ್ಲ. ಮರುಳಾಗದೇ ಯಾರೂ ಕಲಿಯಲ್ಲ. ಇವರ ಮಗಳು ಬಿಡಿಸುವ ಆ ದೊಡ್ಡ ಕಣ್ಣೂ ನಕಲಿನಿಂದಲೇ ಬೆಳೆದದ್ದು. ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಡಿಸ್ನಿ ಚಿತ್ರಗಳನ್ನು ಹುಚ್ಚು ಹಿಡಿದವರ ಹಾಗೆ ನೋಡುತ್ತಿದ್ದವರು, ಅಲ್ಲಿಂದ ತಂದ ಕಣ್ಣನ್ನು ಜಪಾನಿನ ಕಥೆಗೆ ಹೊಂದಿಸಿಕೊಂಡರು. ಆ ಹುಡುಗಿಗೆ ಟೈಮ್ ಕೊಡಿ.

ಹಳೇಟ್ರಂಕು:

ಎಲ್ಲರಿಗೂ ಥ್ಯಾಂಕ್ಸ್. ಮಸಿಕುಡಿಕೆ ಮೇಡಂ, ನೀವು ಹೇಳಿದ ಹಾಗೇ ಭಾನುವಾರ ಮೂಟೆ ಹೊತ್ತು ನಿಂತೆ. ಮೂರು ನಿಮಿಷಕ್ಕೇ ಕುತ್ತಿಗೆ ಒಂದು ಕಡೆ ವಾಲಿತು. ಖಾಲಿ ಕೈ ತಾನಾಗಿ ಹೊರಗೆ ಚಾಚಿಕೊಂಡಿತು. ಮಗಳು ಅದನ್ನು ನನಗಿಂತ ಮೊದಲು ನೋಡಿದಳು, "ಅಪ್ಪಾ, ನಿನ್ನ ಸೊಂಟ ಆ ಕಡೆ ಹೋಯ್ತು" ಅಂದಳು. ಮೂಟೆ ಇಳಿಸಿ ಹಳೇ ಚಂದಮಾಮ ತೆಗೆದು ಇಬ್ಬರೂ ರಾಜನ ಸೊಂಟ ನೋಡಿದೆವು. ಇಷ್ಟು ವರ್ಷ ಆ ಚಿತ್ರ ನೋಡಿದರೂ ಅಲ್ಲಿ ನನ್ನ ಕಣ್ಣೇ ಹೋಗಿರಲಿಲ್ಲ.

ಅವಳು ಬಿಡಿಸಿದ ಅಪ್ಪನಿಗೆ ಕಣ್ಣು ದೊಡ್ಡದಾಗಿದೆ, ಕೂದಲು ಮುಳ್ಳುಮುಳ್ಳಾಗಿದೆ. ಮೂಟೆ ಮಾತ್ರ ಭಾರವಾಗಿದೆ. ಮುಂದಿನ ಭಾನುವಾರ ಮೂಟೆ ಅವಳು ಹೊರುತ್ತಾಳಂತೆ, ಹತ್ತು ಕೆಜಿದು. ಬಿಡಿಸುವುದು ನಾನು.