ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಅಮ್ಮನಿಗೆ ಮೈಕೈ ನೋವು. ಡಿಪ್ರೆಶನ್ ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 52 ವರ್ಷ, ಹಾವೇರಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಇದ್ದಾರೆ. ನಾನು ಬೆಂಗಳೂರಲ್ಲಿ. ಆರು ತಿಂಗಳಿಂದ ಮೈಕೈ ನೋವು, ಎದೆ ಉರಿ, ತಲೆ ಭಾರ. ಇಸಿಜಿ, ಶುಗರ್, ಥೈರಾಯ್ಡ್, ಬಿ12 ಎಲ್ಲಾ ನಾರ್ಮಲ್. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮೊದಲು ರೊಟ್ಟಿ ಬಡಿಯಲು ಕೂತರೆ ಇಡೀ ಬುಟ್ಟಿ ತುಂಬಿಸಿಯೇ ಏಳುತ್ತಿದ್ದರು, ಈಗ ಎರಡು ಬಡಿದು ಹಿಟ್ಟು ಮುಚ್ಚಿಟ್ಟು ಮಲಗಿಬಿಡುತ್ತಾರೆ. ಮನೋವೈದ್ಯರು ಡಿಪ್ರೆಶನ್ ಅಂದರು. ಡಿಪ್ರೆಶನ್‌ಗೆ ಎಸ್ಸಿಟಲೊಪ್ರಾಮ್, ರಾತ್ರಿ ನಿದ್ದೆಗೆ ಕ್ಲೋನಾಜೆಪಾಮ್ ಕೊಟ್ಟಿದ್ದಾರೆ. ಹತ್ತು ದಿನ ಆಯ್ತು, ಏನೂ ಬದಲಾಗಿಲ್ಲ, ಮೇಲಿಂದ ಹೊಟ್ಟೆ ತೊಳಸುತ್ತಂತೆ. "ಹುಚ್ಚರ ಮಾತ್ರೆ, ಚಟ ಹತ್ತುತ್ತೆ" ಅಂತ ಸೋದರತ್ತೆ ಹೆದರಿಸಿದ್ದಾರೆ. ನಿಲ್ಲಿಸಿಬಿಡಲಾ?

ಉತ್ತರ (ಮನೋವೈದ್ಯೆ): ನಿಲ್ಲಿಸಬೇಡಿ. ಹತ್ತು ದಿನ ಏನೇನೂ ಸಾಲದು. ಎಸ್ಸಿಟಲೊಪ್ರಾಮ್ ಕೆಲಸ ಶುರು ಮಾಡೋಕೇ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಆರೆಂಟು ವಾರ ಹಿಡಿಯಬಹುದು. ಹೊಟ್ಟೆ ತೊಳಸುವುದು ಮಾತ್ರ ಮೊದಲ ದಿನವೇ ಬರುತ್ತೆ, ಅದೇ ತೊಂದರೆ. ಊಟ ಆದಮೇಲೆ ಕೊಡಿ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತೆ. ಜಾಸ್ತಿ ಆದರೆ ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡಿ.

ಚಟದ ವಿಷಯ. ನಿಮ್ಮ ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ತಪ್ಪು ಮಾತ್ರೆಯ ಮೇಲೆ ಹೇಳಿದ್ದಾರೆ. ಅಭ್ಯಾಸ ಆಗುವುದು ಕ್ಲೋನಾಜೆಪಾಮ್. ಅದಕ್ಕೇ ಅದನ್ನು ಸಾಮಾನ್ಯವಾಗಿ ಕೆಲವು ವಾರಕ್ಕೆ ಮಾತ್ರ ಕೊಟ್ಟು ನಿಧಾನ ಇಳಿಸುತ್ತೇವೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮತ್ತೆ ಮತ್ತೆ ತರಬೇಡಿ. ಎಸ್ಸಿಟಲೊಪ್ರಾಮ್‌ಗೆ ಚಟ ಹತ್ತಲ್ಲ. ಆದರೆ ಕೆಲವು ವಾರ ತಗೊಂಡ ಮೇಲೆ ದಿಢೀರ್ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಅನಿಸುತ್ತೆ, ಜನ ಇದನ್ನೇ ಚಟ ಅಂದುಕೊಳ್ಳುತ್ತಾರೆ. ಇನ್ನು ಹೆಚ್ಚಿನವರು ಎಡವುವುದು ಚೆನ್ನಾಗಿ ಆದಮೇಲೆ: ಗುಣವಾದ ನಂತರವೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು.

ಅಮ್ಮನ ನೋವು ನಾಟಕ ಅಲ್ಲ. ನಮ್ಮ ಕಡೆ ಎಷ್ಟೋ ಹೆಂಗಸರು "ಬೇಜಾರು" ಅಂತ ಹೇಳಿಕೊಂಡು ಬರಲ್ಲ, ಸೊಂಟ, ಎದೆ, ತಲೆ ಅಂತಲೇ ಬರುತ್ತಾರೆ. ಬೆಳಗಿನ ಜಾವದ ಎಚ್ಚರ, ಅರ್ಧಕ್ಕೇ ಬಿಟ್ಟ ರೊಟ್ಟಿ, ಇವು ನನಗೆ ಇಸಿಜಿಗಿಂತ ಜಾಸ್ತಿ ಹೇಳುತ್ತವೆ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಡಿಪ್ರೆಶನ್ ಸಾಧ್ಯತೆಯೂ ಹೆಚ್ಚು. ಅದನ್ನೂ ಡಾಕ್ಟರಿಗೆ ಹೇಳಿ.

ಮರುಪ್ರಶ್ನೆ: ಥ್ಯಾಂಕ್ಸ್ ಮೇಡಂ. ಅಪ್ಪ ದಿನಾ "ಧೈರ್ಯ ತಗೋ, ನಿನಗೇನು ಕಮ್ಮಿ" ಅನ್ನುತ್ತಾರೆ, ಅಮ್ಮ ಇನ್ನೂ ಸುಮ್ಮನಾಗಿಬಿಡುತ್ತಾರೆ. ಮೊನ್ನೆ ಫೋನಲ್ಲಿ "ನಾನು ಇದ್ದು ಏನು ಪ್ರಯೋಜನ" ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ನೀವು. ಇವತ್ತೇ ಫೋನ್ ಮಾಡಿ ನೇರವಾಗಿ ಕೇಳಿ, "ಅಮ್ಮ, ಸಾಯಬೇಕು ಅನಿಸುತ್ತಿದೆಯಾ?" ಅಂತ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತೆ ಅನ್ನುವುದು ಬರೀ ಭಯ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಇವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನೇ ಉತ್ತರ ಬಂದರೂ ಡಾಕ್ಟರಿಗೆ ತಿಳಿಸಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅಪ್ಪ ಬೀಗ ಹಾಕಲಿ ಅಥವಾ ಬೇರೆಯವರ ಮನೆಗೆ ಸಾಗಿಸಲಿ. ಮಾತ್ರೆಗಳೂ ಅಪ್ಪನ ಹತ್ತಿರವೇ ಇರಲಿ, ದಿನದ್ದು ದಿನಕ್ಕೆ ಕೊಡಲಿ. ರಾತ್ರಿ ಹೊತ್ತು ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ಅಪ್ಪನೂ ಮಾಡಬಹುದು.

ಅಪ್ಪನಿಗೆ ಧೈರ್ಯದ ಮಾತು ಬಿಟ್ಟು ಬೆಳಿಗ್ಗೆ ಜೊತೆಗೆ ಚಾ ಕುಡಿಯಲು, ಸಂಜೆ ಹೊಲದ ಕಡೆ ಒಂದು ಸುತ್ತು ಕರೆದುಕೊಂಡು ಹೋಗಲು ಹೇಳಿ. ದೇವಸ್ಥಾನಕ್ಕೆ ಹೋಗುವುದಿದ್ದರೆ ಹೋಗಲಿ, ಅಡ್ಡಿಯಿಲ್ಲ, ಮಾತ್ರೆ ತಪ್ಪಬಾರದು ಅಷ್ಟೇ.

ಇನ್ನೊಬ್ಬ ಸದಸ್ಯರು: ನಮ್ಮದು ಸಣ್ಣ ತಾಲ್ಲೂಕು. ಪ್ರತಿ ಸಲ ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋಗಲು ಆಗಲ್ಲ, ಏನು ಮಾಡುವುದು?

ಉತ್ತರ: ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಮನೋವೈದ್ಯರು ಅಲ್ಲಿಗೇ ಬಂದು ನೋಡುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿ. ಹೋಗುವಾಗ ಹಳೇ ಚೀಟಿ, ಮಾತ್ರೆಯ ಖಾಲಿ ಹಾಳೆ ಎರಡೂ ಒಯ್ಯಿರಿ.