ಬೆಣ್ಣೆಯಂಥ ಪೆಡಲು

"ಬೆಣ್ಣೆ ರಾಯರೇ, ಬೆಣ್ಣೆ!" ಎಂದು ಕಾಮತರು ಮೇಜು ಕುಟ್ಟಿದರು. "ಕಾಲಿಟ್ಟರೆ ಸಾಕು, ಒಳಗೆ ಹೋಗುತ್ತೆ. ಮಾರಿದ ಹುಡುಗನೂ ಅದನ್ನೇ ಹೇಳಿದ್ದ. ಸರ್, ಈ ಗಾಡಿಯ ಬ್ರೇಕು ಬೆಣ್ಣೆ ಥರ ಅಂತ."

"ಬೆಣ್ಣೆ ಥರ ಇರಬೇಕಾದ್ದು ಇಡ್ಲಿ," ಎಂದರು ರಾಯರು ತಟ್ಟೆಯಿಂದ ತಲೆ ಎತ್ತದೆ. "ಶೆಟ್ಟರ ಇಡ್ಲಿ ಬ್ರೇಕಿನ ಥರ ಇದೆ. ನಿಮ್ಮ ಬ್ರೇಕು ಇಡ್ಲಿ ಥರ ಇದೆ. ಇಬ್ಬರೂ ಅದಲು ಬದಲು ಮಾಡಿಕೊಂಡರೆ ಡೊಂಬಿವಲಿಗೇ ಒಳ್ಳೆಯದು."

ಗಲ್ಲಾದ ಮೇಲಿದ್ದ ಶೆಟ್ಟರು ಕೇಳಿಸದವರ ಹಾಗೆ ಚಿಲ್ಲರೆ ಎಣಿಸಿದರು. ಭಾನುವಾರ ಬೆಳಿಗ್ಗೆ ರಾಯರ ಮಾತು ಕೇಳಿಸಿಕೊಂಡರೆ ಹೋಟೆಲು ನಡೆಸೋದು ಕಷ್ಟ.

ಕಾಮತರು ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಅದರಲ್ಲೇ ಹೆಂಡತಿ ಶಾಂತಕ್ಕನನ್ನು ಕೂರಿಸಿಕೊಂಡು ಘಾಟಿ ಇಳಿದು ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದಿದ್ದರು. ಇಳಿದದ್ದು ನಿಜ. ಹೇಗೆ ಇಳಿದರು ಅನ್ನೋದೇ ಅವತ್ತಿನ ಚರ್ಚೆ. ಖಂಡಾಳಾ ದಾಟುವವರೆಗೆ ಬೆಣ್ಣೆಯಾಗಿದ್ದ ಪೆಡಲು ಶಿಂಗ್ರೋಬಾ ಗುಡಿಯ ಹತ್ತಿರ ಮಜ್ಜಿಗೆಯಾಗಿತ್ತು. ಒತ್ತಿದರೆ ನೆಲಕ್ಕೆ ತಾಗುತ್ತಿತ್ತು, ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಹ್ಯಾಂಡ್ ಬ್ರೇಕು ಎಳೆದು, ಗೇರು ಹಾಕಿ, ಹೇಗೋ ಬದಿಗೆ ತಂದು ನಿಲ್ಲಿಸಿದರಂತೆ. ಇಂಗ್ಲಿಷರಿಗೆ ಘಾಟಿಯ ದಾರಿ ತೋರಿಸಿದ ಕುರುಬ ಶಿಂಗ್ರೋಬಾ ಅಂತ ಅಲ್ಲಿ ಕತೆ ಇದೆ. ಹೋಗಿ ಬರುವವರು ಕಾಸು ಎಸೆಯುತ್ತಾರೆ. ಕಾಮತರು ಬ್ಯಾಂಕಿನಲ್ಲಿ ಇದ್ದವರು. ಕಾಸು ಎಸೆಯಲಿಲ್ಲ, ಕೈ ಮುಗಿದರು.

"ಆದರೆ ಇದು ಸರ್ಟಿಫೈಡ್ ಕಾರು!" ಎಂದು ಕಾಮತರು ಲ್ಯಾಮಿನೇಟ್ ಮಾಡಿಸಿದ ಕಾಗದ ಹೊರತೆಗೆದರು. "200 ಪಾಯಿಂಟ್ ತಪಾಸಣೆ ಆಗಿದೆ."

ರಾಯರು ಕನ್ನಡಕ ಹಾಕಿಕೊಂಡರು. "47, ಕಪ್ ಹೋಲ್ಡರ್, ಸರಿಯಿದೆ. 48, ಇನ್ನೊಂದು ಕಪ್ ಹೋಲ್ಡರ್, ಅದೂ ಸರಿಯಿದೆ. 112, ಮೇಕಪ್ ಕನ್ನಡಿ, ಸರಿಯಿದೆ. 113, ಬ್ರೇಕು, ಸರಿಯಿದೆ. ಅಲ್ಲ ಕಾಮತ್ರೇ, ಎರಡು ಲೋಟಕ್ಕೆ ಎರಡು ಟಿಕ್. ನಾಲ್ಕು ಚಕ್ರದ ಬ್ರೇಕಿಗೆ ಒಂದೇ ಟಿಕ್ಕಾ?"

"ನಮ್ಮ ಧಾರವಾಡದ ಕಡೆ 36ರಲ್ಲಿ 18 ಗುಣ ಕೂಡಿದರೂ ಮದುವೆ ಮಾಡ್ತೀವ್ರಿ," ಎಂದ ಪಾಟೀಲ. "ಇದು 200ಕ್ಕೆ 200 ಕೂಡೇದ."

"ನಂದೂ 31 ಕೂಡಿತ್ತು," ಎಂದರು ರಾಯರು. "ಗೊರಕೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಪಾಪ, ಅವಳು ಆ ಕಾಗದ ನಂಬಿ ಬಂದಳು."

ರಾಯರಿಗೆ ಈ ಟಿಕ್ ಮಾರ್ಕಿನ ಹುಚ್ಚು ಕಂಡರೆ ಆಗೋದಿಲ್ಲ. ಕಲ್ಲಂಗಡಿ ಹಣ್ಣಿಗೂ ಸ್ಟಿಕ್ಕರು, ಹೊರೆ ಹೊತ್ತ ಕೂಲಿಯವನಿಗೂ ಐದು ನಕ್ಷತ್ರ. "ಹೋದ ತಿಂಗಳು ಮಗಳು ನನಗೂ 72 ಟೆಸ್ಟಿನ ಪ್ಯಾಕೇಜು ಮಾಡಿಸಿದಳು," ಎಂದರು. "ಎಲ್ಲಾ ನಾರ್ಮಲ್. ಸ್ಟೇಷನ್ನಿನ ಮೆಟ್ಟಿಲು ಹತ್ತೋಕೆ ಮಾತ್ರ ಆಗ್ತಿಲ್ಲ. ಮೊಣಕಾಲು ಆ 72ರಲ್ಲಿ ಬರೋದಿಲ್ಲವಂತೆ."

"ಕಾಗದವೇ ಬೇಡ ಅಂದರೆ ಹೇಗೆ ರಾಯರೇ? ನಿಮ್ಮ ರೈಲ್ವೇಲಿ ಕಾಗದ ಇರಲಿಲ್ವಾ?" ಎಂದರು ಕಾಮತರು.

ಇದು ಕೇಳಬಾರದ ಪ್ರಶ್ನೆ. ಗಾರ್ಡ್ ಆಗಿದ್ದ ಮನುಷ್ಯನಿಗೆ ಹಸಿರು ಬಾವುಟ ತೋರಿಸಿದ ಹಾಗೆ.

"ಇತ್ತು ಸ್ವಾಮಿ. ಅದರ ಹೆಸರೇ ಬ್ರೇಕ್ ಪವರ್ ಸರ್ಟಿಫಿಕೇಟು. ಡ್ರೈವರು ಸಹಿ ಹಾಕುತ್ತಿದ್ದ, ನಾನೂ ಹಾಕುತ್ತಿದ್ದೆ. ಹಾಗಂತ ಅದನ್ನು ನಂಬಿ, ನೀವು ಇಳಿದ ಅದೇ ಬೋರ್ ಘಾಟ್ ಇಳಿದೆವಾ? 37 ಅಡಿ ಹೋದರೆ 1 ಅಡಿ ಇಳಿಯುವ ದಾರಿ ಅದು. ಮಂಕಿ ಹಿಲ್ಲಿನಲ್ಲಿ ನಿಲ್ಲಿಸು. ಠಾಕೂರವಾಡಿಯಲ್ಲಿ ಮತ್ತೆ ನಿಲ್ಲಿಸು. ಹಿಡಿತ ತಪ್ಪಿ ಬಂದ ಗಾಡಿಗೆ ಪಕ್ಕದಲ್ಲಿ ಏರುಹಳಿ ಇಟ್ಟಿದ್ದಾರೆ, ಕ್ಯಾಚ್ ಸೈಡಿಂಗು. ಅದನ್ನು ಹತ್ತಿ ಸುಸ್ತಾಗಿ ತಾನೇ ನಿಲ್ಲಬೇಕು. 1863ರಿಂದ ಆ ಘಾಟಿಯಲ್ಲಿ ರೈಲು ಓಡ್ತಿದೆ. ಕಾಗದ ತೋರಿಸಿ ಇಳಿದ ರೈಲು ಒಂದೂ ಇಲ್ಲ."

ಪಾಟೀಲ ಅಷ್ಟರಲ್ಲಿ ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಮುಗಿಸಿದ್ದ. ಒಂದರ ಪ್ರಕಾರ ಬೂಸ್ಟರ್ ಹೋಗಿದೆ, ಇನ್ನೊಂದರ ಪ್ರಕಾರ ಎಬಿಎಸ್ ಹೋಗಿದೆ, ಮೂರನೆಯದರ ಪ್ರಕಾರ ಕಾರೇ ಹೋಗಿದೆ.

"ಬೂಸ್ಟರ್ ಅಂದರೆ ಕಾಲಿನ ಜೋರು ಹೆಚ್ಚಿಸೋದು. ಅದು ಹೋದರೆ ಪೆಡಲು ಕಲ್ಲಾಗುತ್ತೆ, ಬೆಣ್ಣೆಯಾಗೋದಿಲ್ಲ," ಎಂದರು ರಾಯರು. "ನಿನ್ನ ಡಾಕ್ಟರಿಗೆ ಭೇದಿಗೂ ಮಲಬದ್ಧತೆಗೂ ವ್ಯತ್ಯಾಸ ಗೊತ್ತಿಲ್ಲ. ಕಾಮತ್ರೇ, ಘಾಟಿಯಲ್ಲಿ ಯಾವ ಗೇರಿನಲ್ಲಿ ಬಂದಿರಿ?"

ಕಾಮತರು ಕಾಫಿ ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿದರು. "ನ್ಯೂಟ್ರಲ್," ಎಂದರು ಕೊನೆಗೆ. "ಇಳಿಜಾರಲ್ವಾ. ಪೆಟ್ರೋಲು ಉಳಿಯಲಿ ಅಂತ."

"ಎಕ್ಸ್‌ಪ್ರೆಸ್ ವೇ?"

"ಅಷ್ಟು ಟೋಲು ಯಾರು ಕೊಡ್ತಾರೆ? ಹಳೇ ರಸ್ತೆ."

ರಾಯರು ಇಡ್ಲಿ ಬಿಟ್ಟರು. ಆ ಹೋಟೆಲಿನಲ್ಲಿ ಅವರು ಇಡ್ಲಿ ಬಿಡುವುದು ಅಪರೂಪವಲ್ಲ, ಆದರೆ ಈ ಸಲ ಕಾರಣ ಬೇರೆ.

"ಈಗಿನ ಕಾರು ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲೇ ಬಿಡೋದಿಲ್ಲ, ಮಾರಾಯರೇ. ಚಕ್ರವೇ ಇಂಜಿನ್ ತಿರುಗಿಸುತ್ತೆ, ಇಂಜಿನ್ನೇ ಚಕ್ರವನ್ನು ಹಿಡಿದುಕೊಳ್ಳುತ್ತೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರಬಾರದಲ್ಲ, ಪೆಟ್ರೋಲು ಕುಡಿಯುತ್ತಾ ಕೂರುತ್ತೆ. ಅಂದರೆ ನೀವು ಪೆಟ್ರೋಲೂ ಸುಟ್ಟಿರಿ, ಬ್ರೇಕೂ ಸುಟ್ಟಿರಿ. ಲೋಣಾವಳಾದಿಂದ ಖೋಪೋಲಿಗೆ 500 ಮೀಟರಿನಷ್ಟು ಇಳಿತ. ಕಾರು, ನೀವು, ಶಾಂತಕ್ಕ, ಮಗ ಕೊಟ್ಟ ಅಕ್ಕಿ ಚೀಲ ಎಲ್ಲ ಸೇರಿ ಒಂದು ಟನ್ ಅನ್ನಿ. ಅದನ್ನು ಬ್ರೇಕಿನಲ್ಲೇ ಹಿಡಿದು ಇಳಿಸಿದರೆ ಹುಟ್ಟುವ ಶಾಖದಲ್ಲಿ ಒಂದು ಬಕೆಟ್ ನೀರು ಕುದಿಯುತ್ತೆ. ಸ್ನಾನದ ಹಂಡೆಯನ್ನು ಚಕ್ರದೊಳಗೆ ಇಟ್ಟುಕೊಂಡು ಬಂದಿದ್ದೀರಿ."

"ಹಾಗಾದರೆ ನಿಂತು ಅರ್ಧ ಗಂಟೆ ಆದ ಮೇಲೆ ಸರಿಹೋಯ್ತಲ್ಲ?"

"ಆರಿತು, ಸರಿಹೋಯ್ತು. ಅದೇ ಗುರುತು. ಪೆಡಲು ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಚಕ್ರ ಹಿಡಿಯುವ ಪ್ಯಾಡು ಕಾದಿದೆ ಅಂತ. ಪೆಡಲೇ ನೆಲಕ್ಕೆ ಹೋದರೆ ಕಾಲಿನ ಜೋರನ್ನು ಚಕ್ರಕ್ಕೆ ಒಯ್ಯುವ ಆಯಿಲು ಕುದ್ದಿದೆ ಅಂತ. ಬ್ರೇಕ್ ಆಯಿಲು ಹಪ್ಪಳದ ಜಾತಿ ಕಾಮತ್ರೇ. ಗಾಳಿಯ ತೇವ ಎಳೆಯುತ್ತೆ. ಡಾಟ್ 4 ಅನ್ನೋ ದರ್ಜೆಯದಾದರೆ ಹೊಸದರಲ್ಲಿ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯೋದಿಲ್ಲ. ಚೆನ್ನಾಗಿ ನೀರು ಕುಡಿದದ್ದು 155ಕ್ಕೇ ಕುದಿಯಬಹುದು. ಶೆಟ್ಟರ ವಡೆ ಎಣ್ಣೆ ಅದಕ್ಕಿಂತ ಜಾಸ್ತಿ ಕಾದಿರುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡೊಂಬಿವಲಿಯ ಜುಲೈನಲ್ಲಿ ಹಪ್ಪಳದ ಡಬ್ಬಿ ಎಷ್ಟು ದಿನ ಗರಿಗರಿ ಇರುತ್ತೆ, ಮನೆಯಲ್ಲಿ ಕೇಳಿ."

ಎಲ್ಲರೂ ಕೈ ತೊಳೆದು ಹೊರಗೆ ಬಂದರು. ಕಾರು ಹೋಟೆಲಿನ ಎದುರೇ ನಿಂತಿತ್ತು, ಯಾವ ತಪ್ಪೂ ಮಾಡದ ಮುಖ ಮಾಡಿಕೊಂಡು. ರಾಯರು ಬಾನೆಟ್ ತೆಗೆಸಿ ಆಯಿಲ್ ಡಬ್ಬಿ ನೋಡಿದರು. ತಿಳಿ ಜೇನಿನ ಬಣ್ಣ ಇರಬೇಕಾದ್ದು.

"ಡಿಕಾಕ್ಷನ್!" ಎಂದರು ಶೆಟ್ಟರು ಅಭಿಮಾನದಿಂದ.

"ನಿಮ್ಮದಕ್ಕಿಂತ ಗಟ್ಟಿ ಇದೆ," ಎಂದರು ರಾಯರು.

ಪೆಡಲು ಒಂದು ಸಲ ಒತ್ತಿಸಿದರು, ಅರ್ಧಕ್ಕಿಂತ ಕೆಳಗೆ ಹೋಯಿತು. ಬೇಗ ಬೇಗ ಮೂರು ಸಲ ಒತ್ತಿಸಿದರು, ಮೇಲೆ ಬಂತು. ಆಮೇಲೆ ಒತ್ತಿ ಹಿಡಿದು 'ಶುಕ್ಲಾಂಬರಧರಂ' ನಿಧಾನವಾಗಿ ಎರಡು ಸಲ ಹೇಳಲು ಹೇಳಿದರು. ಕಾಮತರು ಕಣ್ಣು ಮುಚ್ಚಿ ಹೇಳಿದರು. ಪೆಡಲು ಇಳಿಯಲಿಲ್ಲ.

"ಇಳಿದಿದ್ದರೆ ಎಲ್ಲೋ ಸೋರಿಕೆ, ಇಲ್ಲಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಡ್ತಿದೆ ಅಂತ. ದೊಡ್ಡ ಖರ್ಚು. ನೀವು ಬಚಾವು. ಟಯರಿನ ಒಳಮೈಯಲ್ಲೂ ಆಯಿಲಿನ ಪಸೆ ಇಲ್ಲ. ಒತ್ತಿ ಒತ್ತಿದಾಗ ಏರುತ್ತೆ ಅಂದರೆ ಪೈಪಿನಲ್ಲಿ ಗಾಳಿ ಸೇರಿದೆ, ಇಲ್ಲಾ ಹಿಂದಿನ ಡ್ರಮ್ಮಿನಲ್ಲಿ ಚಕ್ರ ಹಿಡಿಯುವ ಶೂ ದೂರ ಸರಿದಿದೆ. ಬಹುಶಃ ಎರಡೂ. ದ್ರವ ಒತ್ತಿದರೆ ಕುಗ್ಗೋದಿಲ್ಲ, ಗುಳ್ಳೆ ಕುಗ್ಗುತ್ತೆ. ನಿಮ್ಮ ಕಾಲಿನ ಜೋರೆಲ್ಲ ಗುಳ್ಳೆ ಹಿಸುಕೋದರಲ್ಲೇ ಮುಗಿಯುತ್ತೆ." ರಾಯರು ಶೆಟ್ಟರ ಕಡೆ ತಿರುಗಿದರು. "ಇಡ್ಲಿ ಮೆತ್ತಗಾಗೋದೂ ಗುಳ್ಳೆಯಿಂದಲೇ. ಎಲ್ಲಿ ಬೇಕೋ ಅಲ್ಲಿಲ್ಲ, ಎಲ್ಲಿ ಬೇಡವೋ ಅಲ್ಲಿದೆ."

"ನಿಮ್ಮ ರೈಲಿನ ಬ್ರೇಕಿನಲ್ಲಿ ಪೂರ್ತಿ ಗಾಳಿನೇ ಅಲ್ಲೇನ್ರೀ?" ಎಂದ ಪಾಟೀಲ. ಅವನಿಗೂ ಒಂದು ಸಿಕ್ಕಿತ್ತು.

"ಹೌದಪ್ಪ. ಅಲ್ಲಿ ಗಾಳಿ ಹೋದರೆ ಬ್ರೇಕು ಬೀಳುತ್ತೆ. ಇಲ್ಲಿ ಗಾಳಿ ಬಂದರೆ ಬ್ರೇಕು ಹೋಗುತ್ತೆ. ಅದಕ್ಕೇ ಸರ್ಕಾರದವರು ರೈಲು ಇಟ್ಟುಕೊಂಡು ಕಾರು ನಮಗೆ ಬಿಟ್ಟರು."

ಮುಂದಿನ ಭಾನುವಾರ ಕಾಮತರ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಸೇರಿದರು. ಅಷ್ಟರಲ್ಲಿ ಗ್ಯಾರೇಜಿನಲ್ಲಿ ಹೊಸ ಪ್ಯಾಡು ಹಾಕಿಸಿ, ಹಿಂದಿನ ಶೂ ಸರಿ ಮಾಡಿಸಿ ಆಗಿತ್ತು. ಆಯಿಲ್ ಬದಲಿಸಿ ಗಾಳಿ ತೆಗೆಯುವ ಕೂಲಿ ಜಾಸ್ತಿಯಾಯಿತು ಅಂತ ಕಾಮತರು ಅದನ್ನು ಉಳಿಸಿಕೊಂಡು ಬಂದಿದ್ದರು. ರಾಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸ್ಪ್ಯಾನರು ಹಿಡಿದು ಚಕ್ರದ ಪಕ್ಕ ಕೂತವನು ಶೆಟ್ಟರ ಹುಡುಗ, ಗ್ಯಾರೇಜಿನಲ್ಲಿ ಎರಡು ವರ್ಷ ಇದ್ದು ಬಂದವನು. ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು. ಗಾಳಿ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು, ಪೈಪಿನ ತುದಿ ಬಾಟಲಿಯಲ್ಲಿ. ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬ ನಿಪ್ಪಲ್ ಬಿಚ್ಚಬೇಕು, ಮುಚ್ಚಬೇಕು, ಆಮೇಲೇ ಕಾಲು ಬಿಡಬೇಕು. ಮುಚ್ಚುವ ಮೊದಲೇ ಬಿಟ್ಟರೆ ಹೋದ ಗಾಳಿ ವಾಪಸ್.

ಕಾಮತರು ಮೂರು ಸಲವೂ ಮೊದಲೇ ಬಿಟ್ಟರು. ಜೀವಮಾನದಲ್ಲಿ ಯಾವುದನ್ನೂ ಬೇಗ ಬಿಟ್ಟವರಲ್ಲ, ಇದನ್ನು ಬಿಟ್ಟರು. ರಾಯರು ಅವರನ್ನು ಇಳಿಸಿದರು. ಪಾಟೀಲ ವಿಡಿಯೋ ತೆಗೆಯುತ್ತಿದ್ದ.

"ನಾನು ಒತ್ತಲಾ?" ಎಂದರು ಚಹಾ ತಂದಿದ್ದ ಶಾಂತಕ್ಕ.

ಸೀಟು ಮುಂದಕ್ಕೆ ಎಳೆಯಬೇಕಾಯಿತು. ರಾಯರು ಜೇಬಿನಿಂದ ಹಳೇ ಗಾರ್ಡಿನ ಸೀಟಿ ತೆಗೆದರು. ಒಂದು ಸೀಟಿಗೆ ಒತ್ತು, ಎರಡಕ್ಕೆ ಬಿಡು. ಶಾಂತಕ್ಕ ಒಂದು ಸಲವೂ ತಪ್ಪಲಿಲ್ಲ. 26 ವರ್ಷ ಬೆಳಗಿನ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಮುಂಬಯಿಯ ಸಿಎಸ್‌ಟಿಗೆ ಹೋಗಿ ಬಂದವರಿಗೆ ಸೀಟಿ ಹೊಸದೇನಲ್ಲ. ಬಾಟಲಿಯಲ್ಲಿ ಕಪ್ಪು ಡಿಕಾಕ್ಷನ್ ಬಂತು, ಗುಳ್ಳೆ ಬಂತು. ಶೆಟ್ಟರು ಬಗ್ಗಿ ಆ ಗುಳ್ಳೆಗಳನ್ನು ಬಹಳ ಹೊತ್ತು ನೋಡಿದರು. ಹುಡುಗ ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ಹೊಸ ಆಯಿಲ್ ಸುರಿಯುತ್ತಾ ಹೋದ. ನಾಲ್ಕನೇ ಚಕ್ರಕ್ಕೆ ಬರುವಾಗ ಪೈಪಿನಲ್ಲಿ ಜೇನಿನ ಬಣ್ಣ.

"ಈಗ ಗಟ್ಟಿ ಇದೆ," ಎಂದರು ಶಾಂತಕ್ಕ ಒಳಗಿಂದ. "ಮೇಲೇ ನಿಲ್ಲುತ್ತೆ."

"ಇವಳು 92ರಲ್ಲಿ ಡ್ರೈವಿಂಗ್ ಕಲೀತೀನಿ ಅಂದಿದ್ದಳು," ಎಂದರು ಕಾಮತರು ಕಾಂಪೌಂಡಿನ ಗೋಡೆ ನೋಡುತ್ತಾ. "ಕಾರೇ ಇಲ್ಲ, ಕಲಿತು ಏನು ಮಾಡ್ತೀ ಅಂದೆ."

ಯಾರೂ ಮಾತಾಡಲಿಲ್ಲ. ಪಾಟೀಲ ಮೊಬೈಲು ಜೇಬಿಗೆ ಹಾಕಿದ. ಹುಡುಗ ನಿಪ್ಪಲ್ ಬಿಗಿ ಮಾಡಿ, ಸ್ಪ್ಯಾನರು ಒರೆಸಿ, ಕೈ ತೊಳೆಯಲು ನಲ್ಲಿಯ ಕಡೆ ಹೋದ. ಶಾಂತಕ್ಕ ಇಳಿಯಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲಿತ್ತು.

"ರಾಯರೇ, ಇನ್ನೊಂದ್ಸಲ ಒತ್ತಲಾ?"

ರಾಯರು ಬಾಟಲಿ ನೋಡಿದರು. ಒಂದು ಗುಳ್ಳೆಯೂ ಇರಲಿಲ್ಲ. ಸೀಟಿ ತುಟಿಗಿಟ್ಟು ಉದ್ದಕ್ಕೆ ಒಂದು ಸಲ ಊದಿದರು.