ಪದಚರ್ಚೆ: ಕಡಲಿನ ಶಿಲೀಂಧ್ರ ಮತ್ತು ‘ಸೆಕೆಂಡರಿ ಮೆಟಬೊಲೈಟ್’ – ಫಲಕಕ್ಕೆ ಪದ ಬೇಕು

ಮಡಿಕೇರಿಯಿಂದ:
ನಮಸ್ಕಾರ. ಕಾಲೇಜಿನ ವಿಜ್ಞಾನ ಪ್ರದರ್ಶನದ ಫಲಕ ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ವಿಷಯ, ಕಡಲಿನ ಶಿಲೀಂಧ್ರಗಳಲ್ಲಿ ಸಿಗುವ ನೈಸರ್ಗಿಕ ಸಂಯುಕ್ತಗಳು. 1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ, ಚರಂಡಿ ಕಡಲಿಗೆ ಸೇರುವ ಕಡೆಯ ನೀರಿನಿಂದ ವಿಜ್ಞಾನಿ ಜುಸೆಪ್ಪೆ ಬ್ರೋಟ್ಸು ಸೆಫಲೊಸ್ಪೊರಿನ್ ಎಂಬ ಪ್ರತಿಜೀವಕ (ಆಂಟಿಬಯೋಟಿಕ್) ಶೋಧಿಸಿದರು ಎಂದು ಆರಂಭಿಸಿದ್ದೇನೆ. ತೊಡಕು ಮುಂದಿದೆ. ‘ಸೆಕೆಂಡರಿ ಮೆಟಬೊಲೈಟ್’ಗೆ ‘ದ್ವಿತೀಯಕ ಚಯಾಪಚಯಜ’ ಎಂದು ಬರೆದರೆ ಫಲಕದ ಮುಂದೆ ಯಾರೂ ನಿಲ್ಲುವುದಿಲ್ಲ. ‘ಅಣಬೆ’ ಎಂದರೆ ಇಲ್ಲಿಯವರಿಗೆ ಮಳೆಗಾಲದ ಕುಮ್ಮು ಕರಿ (ಅಣಬೆ ಸಾರು) ನೆನಪಾಗುತ್ತದೆ. ಈ ಶಿಲೀಂಧ್ರಗಳು ಸ್ಪಂಜು, ಕಡಲಪಾಚಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ಬೆಳೆಯುವ ಸೂಕ್ಷ್ಮ ಎಳೆಗಳು. ಬೇಗ ತಿಳಿಸಿ.

ವಿರಾಜಪೇಟೆಯಿಂದ:
‘ಕಡಲ ಬೂಷ್ಟು’ ಎನ್ನಿ, ಮುಗಿಯಿತು. ಶಿಲೀಂಧ್ರವೆಂದರೆ ಶಿಲೆ, ರಂಧ್ರ. ಕಲ್ಲಿನ ತೂತಿಗೂ ಇದಕ್ಕೂ ಏನು ನಂಟು? ಇನ್ನೊಂದಕ್ಕೆ ‘ಎರಡನೆಯ ಹುಟ್ಟುವಳಿ’. ನಮ್ಮ ಪದಗಳಿರುವಾಗ ಸಾಲ ಏಕೆ?

ಸೋಮವಾರಪೇಟೆಯಿಂದ:
ಅದರಲ್ಲಿ ರಂಧ್ರವಿಲ್ಲ ಸ್ವಾಮಿ, ಇದ್ದಿದ್ದರೆ ‘ರ’ ಎಲ್ಲಿ ಹೋಯಿತು? ಕಾಳಿದಾಸನ ಮೇಘದೂತದಲ್ಲಿ ಗುಡುಗಿಗೆ ನೆಲದಿಂದ ಏಳುವುದು ಶಿಲೀಂಧ್ರವೇ. ಬ್ರೆಡ್ಡು ಉಬ್ಬಿಸುವ ಯೀಸ್ಟ್ ಕೂಡ ಶಿಲೀಂಧ್ರ, ಅದನ್ನು ಬೂಷ್ಟು ಎನ್ನುತ್ತೀರಾ? ‘ಎರಡನೆಯ ಹುಟ್ಟುವಳಿ’ ಎಂದರೆ ಗದ್ದೆಯ ಎರಡನೇ ಬೆಳೆ ಎಂದುಕೊಳ್ಳುತ್ತಾರೆ. ಇಲ್ಲಿ ‘ಸೆಕೆಂಡರಿ’ ಎಂಬುದು ಸರದಿಯ ಮಾತಲ್ಲ. ಜೀವಿಯ ಬೆಳವಣಿಗೆಗೆ ನೇರವಾಗಿ ಬೇಡದ, ಆದರೆ ಎದುರಾಳಿ ಜೀವಿಗಳ ನಡುವೆ ಬದುಕಲು ನೆರವಾಗಬಲ್ಲ ವಸ್ತು ಎಂದರ್ಥ. ಒಂದೇ ತಳಿಗೆ ಕೊಡುವ ಪೋಷಕಾಂಶ, ಉಪ್ಪು ಬದಲಿಸಿದರೆ ಅದು ತಯಾರಿಸುವ ಸಂಯುಕ್ತಗಳೂ ಬದಲಾಗಬಹುದು. ಈಚೆಗೆ ಇಂಗ್ಲಿಷಿನಲ್ಲಿಯೇ ‘ಸೆಕೆಂಡರಿ’ ಬಿಟ್ಟು ‘ಸ್ಪೆಷಲೈಸ್ಡ್’ ಎನ್ನುವವರು ಹೆಚ್ಚುತ್ತಿದ್ದಾರೆ. ‘ವಿಶೇಷ ಸಂಯುಕ್ತ’ ಸಾಕು.
ಹಾಗೆಯೇ ‘ಶೋಧಿಸಿದರು’ ತಿದ್ದಿ. ಬ್ರೋಟ್ಸು ಕಂಡದ್ದು ಶಿಲೀಂಧ್ರವನ್ನು, ಅದರ ರಸಕ್ಕೆ ಬ್ಯಾಕ್ಟೀರಿಯಾ ಸಾಯುವುದನ್ನು. ಸೆಫಲೊಸ್ಪೊರಿನ್-ಸಿ ಬೇರ್ಪಡಿಸಿದವರು ಆಕ್ಸ್‌ಫರ್ಡ್‌ನ ನ್ಯೂಟನ್ ಮತ್ತು ಏಬ್ರಹಾಂ, 1950ರ ದಶಕದಲ್ಲಿ.

ಕುಶಾಲನಗರದಿಂದ:
‘ಕಡಲಶಿಲೀಂಧ್ರ’ ಎಂದು ಕೂಡಿಸಿ ಬರೆಯಬೇಡಿ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಒಪ್ಪುವುದಿಲ್ಲ.

ಸೋಮವಾರಪೇಟೆಯಿಂದ:
‘ಕೊಳೆರೋಗ’ವೂ ಅರಿಸಮಾಸವೇ. ಕಾಫಿ ತೋಟದವರು ಕೇಶಿರಾಜನನ್ನು ಕೇಳಲಿಲ್ಲ. 1876ರಲ್ಲಿ ಕುಕ್ ಎಂಬ ಶಿಲೀಂಧ್ರತಜ್ಞ ಆ ರೋಗದ ಶಿಲೀಂಧ್ರಕ್ಕೆ ‘ಪೆಲ್ಲಿಕ್ಯುಲೇರಿಯಾ ಕೊಲೆರೋಗ’ ಎಂದು ಹೆಸರಿಟ್ಟ. ಲ್ಯಾಟಿನ್ನಿಗೆ ಹೋಗುವಾಗ ‘ಳ’ ‘ಲ’ ಆಯಿತೇ ಹೊರತು ಸಮಾಸ ಬಿಡಲಿಲ್ಲ. ಸಾಲ ಎರಡೂ ಕಡೆ ಹರಿಯುತ್ತದೆ, ವಿರಾಜಪೇಟೆಯವರು ಗಮನಿಸಬೇಕು.

ವಿರಾಜಪೇಟೆಯಿಂದ:
ಕೊಳೆಯನ್ನು ಕೊಲೆ ಮಾಡಿದ್ದನ್ನು ಹೆಮ್ಮೆ ಎನ್ನುವುದು ನಿಮಗೆ ಸರಿ ಇರಬಹುದು. ಕೊಟ್ಟ ಒಂದು ಪದ ತೋರಿಸಿ ತಂದ ಸಾವಿರವನ್ನು ಮುಚ್ಚಬೇಡಿ. ‘ರೋಗ’ಕ್ಕೆ ‘ಬೇನೆ’ ಇರಲಿಲ್ಲವೇ?

ಸೋಮವಾರಪೇಟೆಯಿಂದ:
ಕೊಳೆಬೇನೆ ಎಂದು ತೋಟದ ಆಳುಗಳ ಮುಂದೆ ಹೇಳಿ ನೋಡಿ.

ಮಡಿಕೇರಿಯಿಂದ:
‘ಕಡಲಿನ ಶಿಲೀಂಧ್ರ’, ‘ವಿಶೇಷ ಸಂಯುಕ್ತ’ ಎಂದು ಮುದ್ರಣಕ್ಕೆ ಕೊಟ್ಟೆ. ಬ್ರೋಟ್ಸು ವಾಕ್ಯವನ್ನೂ ತಿದ್ದಿದೆ. ಎಲ್ಲರಿಗೂ ವಂದನೆ.

ಕುಶಾಲನಗರದಿಂದ:
‘ಮುದ್ರಣ’ವೋ ‘ಅಚ್ಚೋ’? ವಿರಾಜಪೇಟೆಯವರು ಏನೆನ್ನುತ್ತಾರೆ?